ಫರ್ಝೋಲ್ ಪದದ ಮೂಲ

ನನ್ನ ಅಕ್ಷರ ದುಂಡಗಿದೆ. ನನ್ನ ಬಗ್ಗೆ ಹೇಳಿಕೊಳ್ಳೋಕೆ ಇರೋದು ಅದೊಂದೇ. ಇನ್ನು ಮುಂದೆ ಹೇಳೋದೆಲ್ಲ ನಾನು ಮಾಡಿಕೊಂಡ ಎಡವಟ್ಟು. ಆದರೂ ನಾನೇ ಹೇಳಿಬಿಡೋದು ವಾಸಿ, ಯಾಕೆಂದರೆ ಊರಲ್ಲಿ ಇದನ್ನ ಈಗಾಗಲೇ ನಾಲ್ಕು ಥರ ಹೇಳ್ತಿದ್ದಾರೆ. ಅದರಲ್ಲಿ ಮೂರರಲ್ಲಿ ನಾನು ಬುದ್ಧಿವಂತನ ಹಾಗೆ ಕಾಣಿಸ್ತೀನಿ. ಅದು ಅಪ್ಪಟ ಸುಳ್ಳು.

ನನ್ನ ಕೆಲಸ ವಿಜ್ಞಾನ ಪದಕೋಶದ ಕಚೇರಿಯಲ್ಲಿ, ಕಾರ್ಡು ಬರೆಯೋದು. ವಿಜ್ಞಾನದ ಒಂದೊಂದು ಪದಕ್ಕೂ ಅಂಗೈಯಗಲದ ಒಂದೊಂದು ಕಾರ್ಡು. ನೆತ್ತಿಯ ಮೇಲೆ ಪದವನ್ನ ಕಪ್ಪು ಮಸಿಯಲ್ಲಿ ನಾನು ಬರೀಬೇಕು. ಅದರ ಕೆಳಗೆ ಇಂಗ್ಲಿಷ್, ಫ್ರೆಂಚ್, ಫಾರ್ಸಿ ಅಂತ ಮೂರು ಅಂಕಣ. ಆ ಪದ ಎಲ್ಲಿ ಹುಟ್ಟಿ ಎಲ್ಲಿಗೆ ಹೋಯ್ತು ಅಂತ ಆಯಾ ಭಾಷೆಯ ಪಂಡಿತರು ತಮ್ಮ ತಮ್ಮ ಅಂಕಣದಲ್ಲಿ ಬರೆದು ಸಹಿ ಹಾಕ್ತಾರೆ. ಕೊನೆಯ ಅಂಕಣ ಅರ್ಥದ್ದು, ಅದನ್ನ ತುಂಬೋದು ನಿರ್ದೇಶಕರು. ಬೊರಾಕ್ಸ್ ಅನ್ನೋ ಪದ ಫಾರ್ಸಿ ಕಡೆಯಿಂದ ಹೊರಟು, ದಾರಿಯಲ್ಲಿ ಒಂದೆರಡು ಕಡೆ ತಂಗಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತಂತೆ. ಆಕ್ಸಿಜನ್ ಫ್ರೆಂಚರ ಕಡೆಯಿಂದ ಹೊರಟು ಇಂಗ್ಲಿಷಿಗೂ ಹೋಯ್ತಂತೆ, ಫಾರ್ಸಿಗೂ ಹೋಯ್ತಂತೆ. ಪದಗಳು ಇಷ್ಟೆಲ್ಲ ದೇಶ ಸುತ್ತುತ್ತಿರುವಾಗ ನಾನು ಮಾತ್ರ ಒಂದು ಕಾಲು ಗಿಡ್ಡವಾದ ಅದೇ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ನೌಕರನಾಗಿ ಕೂತಿದ್ದೆ.

ನಿರ್ದೇಶಕರು ಒಂದು ಮಾತು ಕೊಟ್ಟಿದ್ದರು. ಪದಕೋಶ ಅಚ್ಚಾಗಿ ಬಂದು, ಒಂದು ವರ್ಷ ಅದರ ಮೇಲೆ ಯಾವ ತಕರಾರೂ ಬರದೆ ಇದ್ದರೆ, ನನ್ನನ್ನ ಖಾಯಂ ಮಾಡ್ತೀನಿ ಅಂತ. ನಾನು ಮನೆಗೆ ಬಂದು ಆ ಮಾತನ್ನ ಎಷ್ಟು ಸಲ ಹೇಳಿದ್ದೆ ಅಂದರೆ, ನನ್ನ ಹೆಂಡತಿ ಒಂದು ಬೆಳಿಗ್ಗೆ ಹೊಸ ಮಸಿಪೆನ್ನು ತಂದು ಕೈಗಿಟ್ಟಳು. "ಇನ್ನೇನು ಖಾಯಂ ಆಗ್ತೀರಲ್ಲ, ಆ ಸೋರೋ ಪೆನ್ನಲ್ಲಿ ಸಹಿ ಮಾಡ್ಬೇಡಿ" ಅಂದಳು. ಎಡವಟ್ಟು ಶುರುವಾಗಿದ್ದು ಆ ಪೆನ್ನಿಂದ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಬೋರ್ಡು ಬರೆಯೋರು. ಮಂಡಿ ಏಣಿ ಹತ್ತೋಕೆ ಒಪ್ಪದೆ ಈಗ ಮನೆಯಲ್ಲಿದ್ದಾರೆ, ಆದರೆ ಊರಿನ ಅರ್ಧ ಅಂಗಡಿಯ ಬೋರ್ಡು ಅವರದೇ. ನಮ್ಮ ಕಚೇರಿಯ ಬೋರ್ಡೂ ಅವರದೇ. ಹೊಸ ಕುಂಚ ಕೈಗೆ ಬಂದರೆ ಅಪ್ಪ ಹಲಗೆಯ ಮುಂಭಾಗ ಮುಟ್ಟೋಕೆ ಮುಂಚೆ ಹಿಂಭಾಗ ತಿರುಗಿಸಿ ಒಂದು ಪದ ಬರೀತಿದ್ದರು: ಫರ್ಝೋಲ್. ಅದಕ್ಕೇನೂ ಅರ್ಥವಿಲ್ಲ. ಫ ಅಕ್ಷರದ ಸೀಳು, ಝ ಅಕ್ಷರದ ಹೊಟ್ಟೆ, ಅರ್ಕಾವತ್ತಿನ ಬಾಲ, ದೀರ್ಘದ ಎಳೆತ, ಕೊನೆಗೆ ಅರ್ಧಾಕ್ಷರದ ತಿರುವು, ಕುಂಚ ಕೈಕೊಡೋ ಜಾಗವೆಲ್ಲ ಅದೊಂದರಲ್ಲೇ ಬರುತ್ತೆ. ಚಿಕ್ಕವನಿದ್ದಾಗ ಕೇಳಿದ್ದೆ, ಸುಮ್ಮನೆ ನಿಮ್ಮ ಹೆಸರು ಬರೆದು ನೋಡಬಾರದಾ ಅಂತ. "ಅರ್ಥ ಇರೋದನ್ನ ಬರೆದು ಕುಂಚ ನೋಡಬಾರದು ಕಣೋ" ಅಂದಿದ್ದರು. "ಅರ್ಥ ಇದ್ರೆ ಕೈ ನಡುಗುತ್ತೆ."

ಆ ಅಭ್ಯಾಸ ನನಗೂ ಅಂಟಿತ್ತು. ಕಚೇರಿಗೆ ಹೋದವನೇ ಹೊಸ ಪೆನ್ನಿಗೆ ಮಸಿ ತುಂಬಿ, ಎದುರಿಗಿದ್ದ ಖಾಲಿ ಕಾರ್ಡನ್ನ ಎಳೆದುಕೊಂಡು, ಪದ ಬರೆಯೋ ಜಾಗದಲ್ಲೇ ಬರೆದೆ: ಫರ್ಝೋಲ್. ಏನು ಬಂತು ಅಂತೀರಿ! ಹನ್ನೊಂದು ವರ್ಷದಲ್ಲಿ ಅಂಥ ಅಕ್ಷರ ನನ್ನ ಕೈಯಲ್ಲಿ ಬಂದಿರಲಿಲ್ಲ. ಹರಿದು ಬುಟ್ಟಿಗೆ ಹಾಕಬೇಕಾದವನು ಹಾಕಲಿಲ್ಲ. ಮಸಿ ಬಾಟಲಿಗೆ ಒರಗಿಸಿ ನಿಲ್ಲಿಸಿದೆ. ಎದ್ದು ನಿಂತು ನೋಡಿದೆ. ಬಾಗಿಲ ತನಕ ಹೋಗಿ ದೂರದಿಂದ ಹೇಗೆ ಕಾಣುತ್ತೆ ಅಂತ ನೋಡಿದೆ. ಆಮೇಲೆ ಚಹಾ ಕುಡಿಯೋಕೆ ಹೋಗಿ, ಚಹಾದವನಿಗೆ ಪೆನ್ನಿನ ಗುಣಗಾನ ಮಾಡಿ, ಅರ್ಧ ಗಂಟೆ ಬಿಟ್ಟು ಬಂದೆ. ಕಾರ್ಡು ಇರಲಿಲ್ಲ.

ನಮ್ಮ ಜವಾನರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಕೇಳಿದ್ದಕ್ಕೆ ಶಾಂತವಾಗಿ ಹೇಳಿದರು: "ಬರೆದ ಕಾರ್ಡು ಕಂಡ್ರೆ ನಂಬರಿನ ಮೊಹರು ಒತ್ತಿ ಪಂಡಿತರಿಗೆ ಕೊಡೋದು ನನ್ ಕೆಲ್ಸ. ಓದೋದು ನನ್ ಕೆಲ್ಸ ಅಲ್ಲ."

ಹೋಗಲಿ, ಪಂಡಿತರು ನೋಡಿ ನಕ್ಕು ವಾಪಸು ಕಳಿಸ್ತಾರೆ ಅಂದುಕೊಂಡೆ. ನಮ್ಮ ಪಂಡಿತರು ಎಂಥವರು ಅನ್ನೋದನ್ನ ನಾನು ಆ ಗಳಿಗೆಯಲ್ಲಿ ಮರೆತಿದ್ದೆ. ಇಂಗ್ಲಿಷ್ ಮೇಷ್ಟ್ರು, ಫ್ರೆಂಚ್ ಮೇಡಂ, ಫಾರ್ಸಿ ಯಜಮಾನರು, ಈ ಮೂವರು ಒಬ್ಬರ ಮುಖ ಒಬ್ಬರು ನೋಡಿ ಆರು ವರ್ಷ ಆಗಿತ್ತು. ಜಗತ್ತಿಗೆ ಹೆಚ್ಚು ಪದ ಕೊಟ್ಟ ಭಾಷೆ ಯಾವುದು ಅಂತ ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು, ಮಾರನೇ ದಿನದಿಂದ ಮೂರು ಕೋಣೆ, ಮೂರು ಬೀಗ. ಕಾರ್ಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗೋದು ಜವಾನರ ಕೈಯಲ್ಲಿ. ತಮಗೆ ಗೊತ್ತಿಲ್ಲದ ಪದ ಬಂದರೆ ಮೂವರಲ್ಲಿ ಯಾರೂ ಇನ್ನೊಬ್ಬರನ್ನ ಕೇಳೋರಲ್ಲ. ಗೊತ್ತಿಲ್ಲ ಅಂತ ಬರೆಯೋರಂತೂ ಅಲ್ಲವೇ ಅಲ್ಲ.

ಮೂರನೇ ದಿನ ಕಾರ್ಡು ಬಂತು. ಇಂಗ್ಲಿಷ್ ಅಂಕಣದಲ್ಲಿ ಮೇಷ್ಟ್ರು ಅದರ ಕಾಗುಣಿತವನ್ನೂ ಕೊಟ್ಟು, ಕೊನೆಗೆ ಉಚ್ಚಾರವಿಲ್ಲದ ಒಂದು ಅಕ್ಷರವನ್ನೂ ಸೇರಿಸಿ, "ಫ್ರೆಂಚಿನಿಂದ ಬಂದದ್ದು" ಅಂತ ಬರೆದಿದ್ದರು. ಫ್ರೆಂಚ್ ಅಂಕಣದಲ್ಲಿ ಮೇಡಂ, "ಹಳೆಯ ಫ್ರೆಂಚಿನಲ್ಲಿ ಬಳಕೆ. ಮೂಲ ಫಾರ್ಸಿ" ಅಂತ ಬರೆದಿದ್ದರು. ಫಾರ್ಸಿ ಅಂಕಣದಲ್ಲಿ ಯಜಮಾನರು, "ಫಾರ್ಸಿಗೆ ಇತ್ತೀಚೆಗೆ ಇಂಗ್ಲಿಷಿನಿಂದ ಬಂದದ್ದು" ಅಂತ ಬರೆದಿದ್ದರು. ಅಪ್ಪನ ಪದ ಮೂರು ಭಾಷೆಗಳನ್ನ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ನಿಂತಿತ್ತು. ಮೂರು ಸಹಿ ಇದ್ದ ಮೇಲೆ ನಿರ್ದೇಶಕರು ಬಿಡ್ತಾರಾ? ಅರ್ಥದ ಅಂಕಣದಲ್ಲಿ ಬರೆದಿದ್ದರು: "ಒಂದು ಬಗೆಯ ಮಧ್ಯಂತರ ದ್ರವ್ಯ. ಸಾಮಾನ್ಯವಾಗಿ ಕಣ್ಣಿಗೆ ಕಾಣದು."

ಕಾರ್ಡು ಹಿಡಿದು ಸೀದಾ ನಿರ್ದೇಶಕರ ಕೋಣೆಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದೆ, ಇದು ಸತ್ಯ.

"ಸಾರ್, ಈ ಕಾರ್ಡಿನ ವಿಷಯ..."

"ಅದೇ ನೋಡಪ್ಪ ನಾನೂ ಹೇಳಬೇಕು ಅಂತಿದ್ದೆ" ಅಂದರು ನಿರ್ದೇಶಕರು. "ಒಂಬತ್ತು ಸಾವಿರ ಕಾರ್ಡಲ್ಲಿ ಇಷ್ಟು ಚೆಂದದ ಬರವಣಿಗೆ ಇನ್ನೊಂದಿಲ್ಲ. ಆ ಝ ನೋಡು, ಆ ಝ. ನಿನ್ನನ್ನ ಖಾಯಂ ಮಾಡದೆ ಇನ್ಯಾರನ್ನ ಮಾಡ್ಲಿ? ಏನು ಹೇಳೋಕೆ ಬಂದೆ?"

"ಮಸಿ ಸ್ವಲ್ಪ ತೆಳು ಆಯ್ತೇನೋ ಅಂತ, ಸಾರ್."

"ಛೇ ಛೇ, ಸರಿಯಾಗಿದೆ."

ನೋಡಿ, ನನ್ನ ಬಾಯಿಗೆ ನಾನು ಎಷ್ಟು ಬೈದರೂ ಸಾಲದು.

ಮನೆಯಲ್ಲಿ ಹೇಳಿದೆ. ಮಗಳು ನೆಲದ ಮೇಲೆ ಉರುಳಾಡಿ ನಕ್ಕಳು. ಅವಳು ಆಗ ಹತ್ತನೇ ತರಗತಿಗೆ ಕಾಲಿಟ್ಟಿದ್ದಳು. ರಸಾಯನಶಾಸ್ತ್ರ ಓದಬೇಕು ಅನ್ನೋದು ಅವಳಿಗೆ ಏಳನೇ ವಯಸ್ಸಿನಿಂದ ಹಿಡಿದ ಹುಚ್ಚು. ಮನೆಯ ಸೋಡಾಪುಡಿ, ಸುಣ್ಣ, ನಿಂಬೆಹಣ್ಣು ಯಾವುದೂ ಅವಳ ಕೈಯಿಂದ ಪಾರಾಗಿರಲಿಲ್ಲ. "ತಾತ, ನೀನು ದ್ರವ್ಯ ಕಂಡುಹಿಡಿದಿದ್ದೀಯ" ಅಂತ ಅಪ್ಪನ ಬೆನ್ನು ತಟ್ಟಿದಳು. ಅಪ್ಪ ನಗಲಿಲ್ಲ. "ಹರಿದು ಹಾಕು ಅದನ್ನ" ಅಂದರು.

"ನಂಬರು ಬಿದ್ದಿರೋ ಕಾರ್ಡು ಅಪ್ಪ, ಹರಿದ್ರೆ ಕೆಲಸ ಹೋಗುತ್ತೆ. ನಾಳೆ ಹೇಳ್ತೀನಿ."

"ನಿಮ್ಮ ನಾಳೆ ನನಗೆ ಗೊತ್ತಿಲ್ವಾ" ಅಂದಳು ಹೆಂಡತಿ. ಅವಳಿಗೆ ಗೊತ್ತಿತ್ತು. ನಾಳೆ ಬರೋ ಮುಂಚೆ ಪದಕೋಶ ಅಚ್ಚಾಗಿ, ನಾನೂರ ಹನ್ನೆರಡನೇ ಪುಟದಲ್ಲಿ ಫರ್ಝೋಲ್ ಕೂತಿತ್ತು.

ಅಷ್ಟು ದಪ್ಪದ ಪುಸ್ತಕವನ್ನ ಯಾರು ಓದ್ತಾರೆ, ಯಾರೂ ಓದಲ್ಲ ಅಂತ ಧೈರ್ಯ ಮಾಡಿಕೊಂಡಿದ್ದೆ. ಪತ್ರಿಕೆಯವರು ಅದರಿಂದ ದಿನಕ್ಕೊಂದು ಪದ ತೆಗೆದು ಹಾಕ್ತಾ ಬಂದರು. ಎರಡನೇ ತಿಂಗಳ ಒಂದು ಗುರುವಾರ ಅಪ್ಪನ ಪದದ ಸರದಿ ಬಂತು. ಬೆಳಿಗ್ಗೆ ಏಳಕ್ಕೆ ಎದುರುಮನೆಯ ನಿವೃತ್ತ ಕಂಪೌಂಡರು ಪತ್ರಿಕೆ ಹಿಡಿದು ಬಂದರು.

"ಇದು ಈಗ ಬರ್ತಾ ಇಲ್ಲ ಬಿಡಿ. ನಮ್ಮ ಕಾಲದಲ್ಲಿ ನೀಲಿ ಬಾಟ್ಲಿಯಲ್ಲಿ ಬರೋದು."

"ಏನು, ಫರ್ಝೋಲಾ?"

"ಮತ್ತೆ? ಊಟ ಆದ ಮೇಲೆ ಎರಡು ಚಮಚ ಕೊಡ್ತಿದ್ವಿ. ಆಮೇಲೆ ಅಡ್ಡಪರಿಣಾಮ ಅಂತ ನಿಲ್ಲಿಸಿದರು."

ಅವರ ಕಣ್ಣಲ್ಲಿ ಸುಳ್ಳಿನ ಲವಲೇಶ ಇರಲಿಲ್ಲ. ನಾನೇ ಒಂದು ಗಳಿಗೆ, ಇದ್ದರೂ ಇರಬಹುದು ಅಂದುಕೊಂಡೆ.

ಅಡ್ಡಪರಿಣಾಮದ ಮಾತು ಬೀದಿಯ ಈ ಕೊನೆಯಿಂದ ಆ ಕೊನೆಗೆ ಹೋಗೋಕೆ ಒಂದು ಬೆಳಗು ಸಾಕಾಯ್ತು. ನಲ್ಲಿ ನೀರಲ್ಲಿ ಫರ್ಝೋಲ್ ಇದೆಯಂತೆ ಅಂತ ಮಧ್ಯಾಹ್ನದ ಹೊತ್ತಿಗೆ ಹತ್ತು ಹೆಂಗಸರು ನೀರಿನ ಕಚೇರಿಯ ಮುಂದೆ ನಿಂತಿದ್ದರು, ಅಪ್ಪನ ಹಲಗೆಯ ಬೆನ್ನನ್ನ ಒಂದು ದಿನವೂ ತಿರುಗಿಸಿ ನೋಡದ ನನ್ನ ಅಕ್ಕ ಅವರಲ್ಲಿ ಮೊದಲನೆಯವಳು. ಸಂಜೆ ಅಕ್ಕ ನಮ್ಮ ಮನೆಗೂ ಬಂದಳು. "ನಿಮ್ಮ ಭಾವನಿಗೆ ಮೂರು ತಿಂಗಳಿಂದ ಮೈ ಭಾರ. ಪುಸ್ತಕ ಮಾಡೋ ಕಚೇರಿಯಲ್ಲಿದ್ದುಕೊಂಡು ಒಂದು ಮಾತು ಹೇಳಲಿಲ್ಲ ನೀನು. ಸ್ವಂತ ಅಕ್ಕನಿಗೂ ಹೇಳಲಿಲ್ಲ."

"ಭಾವ ಬೆಳಿಗ್ಗೆ ಹನ್ನೊಂದಕ್ಕೆ ಏಳ್ತಾರೆ ಅಕ್ಕ, ಅದಕ್ಕೇ ಮೈ ಭಾರ."

"ಯಾಕೆ ಹನ್ನೊಂದಕ್ಕೆ ಏಳ್ತಾರೆ ಅಂತ ಯೋಚನೆ ಮಾಡಿದ್ದೀಯಾ?"

ನೀರಿನ ಕಚೇರಿಯ ಇಂಜಿನಿಯರು ಒಳ್ಳೆ ಮನುಷ್ಯ. ನೀರನ್ನ ಪರೀಕ್ಷೆಗೆ ಕಳಿಸಿದ. ಫರ್ಝೋಲ್ ಪ್ರಮಾಣ, ಸೊನ್ನೆ, ಅಂತ ವರದಿ ಬಂತು. ಇಷ್ಟು ಪ್ರಾಮಾಣಿಕವಾದ ವರದಿಯನ್ನ ನಾನು ಕಂಡಿಲ್ಲ. ಆದರೆ ಸೊನ್ನೆ ಅಂತ ಬಂದ ಮೇಲೆ ಊರಿಗೆ ಅದರ ಮೇಲೆ ಇನ್ನೂ ನಂಬಿಕೆ ಹೆಚ್ಚಾಯ್ತು, ಇಲ್ಲದೇ ಇರೋ ವಸ್ತುವನ್ನ ಯಾರಾದರೂ ಅಳೀತಾರಾ ಅಂತ. ಎಣ್ಣೆ ಅಂಗಡಿಯವರಿಗೂ ಒಂದು ಬೋರ್ಡು ಬೇಕಾಯ್ತು, ಬೇಕರಿಯವರಿಗೂ ಬೇಕಾಯ್ತು. ಅಪ್ಪನಿಗೆ ಮಂಡಿ ನೋವು ಅಂದರೂ ಕೇಳದೆ ಹಲಗೆಗಳನ್ನ ಮನೆಗೇ ತಂದು ಒರಗಿಸಿದರು. ಅಪ್ಪ ಕಟ್ಟೆಯ ಮೇಲೆ ಕೂತು, ಹಲಗೆಯ ಹಿಂಭಾಗ ತಿರುಗಿಸಿ "ಫರ್ಝೋಲ್" ಅಂತ ಬರೆದು ಕುಂಚ ನೋಡಿಕೊಂಡು, ಮುಂಭಾಗ ತಿರುಗಿಸಿ "ನಮ್ಮಲ್ಲಿ ಫರ್ಝೋಲ್ ಇಲ್ಲ" ಅಂತ ಬರೀತಿದ್ದರು. ಬರೆಯುವಾಗ ನನ್ನ ಮುಖ ನೋಡ್ತಿರಲಿಲ್ಲ. ನಾನೂ ಅವರ ಮುಖ ನೋಡ್ತಿರಲಿಲ್ಲ.

ಇದೆಲ್ಲ ನಗೋ ಮಾತು. ನಾನೂ ನಗ್ತಾನೇ ಇದ್ದೆ. ತಕರಾರು ಯಾರೂ ಮಾಡಿರಲಿಲ್ಲ, ತಿಂಗಳು ತಿಂಗಳು ಕಳೀತಿತ್ತು, ಖಾಯಂ ಆಗೋಕೆ ಇನ್ನು ಮೂರು ವಾರ ಅನ್ನುವಾಗ ಮಗಳ ಪರೀಕ್ಷೆಯ ಫಲಿತಾಂಶ ಬಂತು.

ವಿಜ್ಞಾನ ವಿಭಾಗ ಸೇರೋಕೆ ವಿಜ್ಞಾನದಲ್ಲಿ ಎಪ್ಪತ್ತು ಬೇಕು. ಅವಳಿಗೆ ಅರವತ್ತೊಂಬತ್ತು ಬಂದಿತ್ತು. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದೆವು. ಹದಿನೆಂಟನೇ ಪ್ರಶ್ನೆ, ಎರಡು ಅಂಕದ್ದು: ಫರ್ಝೋಲ್ ಎಂದರೇನು? ಅವಳ ಉತ್ತರ ಎರಡು ವಾಕ್ಯ. "ಇದು ಕುಂಚದ ತುದಿ ಸರಿಯಿದೆಯೇ ಎಂದು ಪರೀಕ್ಷಿಸಲು ಬೋರ್ಡು ಬರೆಯುವವರು ಬರೆಯುವ ಅಕ್ಷರಗಳು. ಇದಕ್ಕೆ ಅರ್ಥವಿಲ್ಲ." ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಸೊನ್ನೆ, ಸೊನ್ನೆಯ ಕೆಳಗೆ ಎರಡು ಗೆರೆ.

"ಪುಸ್ತಕದಲ್ಲಿರೋದು ನಿನಗೆ ಗೊತ್ತಿತ್ತಲ್ಲಮ್ಮ, ಅದನ್ನೇ ಬರೆದಿದ್ರೆ..." ಅಂದೆ. ಇಂಥ ಮಾತನ್ನ ಆಡಿದವನು ನಾನೇ.

ಅವಳು ಅಳಲಿಲ್ಲ, ಜಗಳ ಆಡಲಿಲ್ಲ. "ನಾನು ಸರಿ ಉತ್ತರ ಬರೆದೆ ಅಲ್ವಾಪ್ಪ?" ಅಂತ ಕೇಳಿದಳು.

"ಸರಿ ಉತ್ತರಾನೇ."

"ಮತ್ತೆ?"

ಅಪ್ಪ ಕಟ್ಟೆಯಿಂದ ಎದ್ದು ಒಳಗೆ ಹೋಗಿ ಕುಂಚಗಳ ಡಬ್ಬಿಯ ಮುಚ್ಚಳ ಹಾಕಿದರು. ಹೆಂಡತಿ ನನ್ನನ್ನ ನೋಡಿದ ರೀತಿ ನೋಡಿ ನಾನು ಚಪ್ಪಲಿ ಮೆಟ್ಟಿಕೊಂಡೆ.

ಮರುಮೌಲ್ಯಮಾಪನದ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ನಾನು ನಡೆದಿದ್ದನ್ನೆಲ್ಲ ಹೇಳಿದೆ. ಅವರು ಪದಕೋಶ ತೆಗೆದು ನಾನೂರ ಹನ್ನೆರಡನೇ ಪುಟ ಬಿಡಿಸಿದರು. "ಇಲ್ಲಿ ದ್ರವ್ಯ ಅಂತಿದೆ. ಮೂರು ಭಾಷೆಯ ಮೂಲ ಇದೆ. ನೀವು ಇಲ್ಲ ಅಂತೀರಿ. ನೀವ್ಯಾರು?"

"ಅದನ್ನ ಬರೆದವನು ಸಾರ್."

"ಬರೆದವರೇ ಇಲ್ಲ ಅಂದ್ರೆ ಹೇಗ್ರೀ? ಪದಕೋಶದ ಕಚೇರಿಯಿಂದ ಮೊಹರು ಹಾಕಿದ ಪತ್ರ ತನ್ನಿ. ಶುಕ್ರವಾರ ಸಂಜೆ ಐದಕ್ಕೆ ಕೊನೆ."

ಆವತ್ತು ಬುಧವಾರ. ಗುರುವಾರ ಬೆಳಿಗ್ಗೆ ನಿರ್ದೇಶಕರ ಮೇಜಿನ ಮೇಲೆ ಎರಡು ಕಾಗದ ಇತ್ತು. ಒಂದು ನನ್ನ ಖಾಯಂ ಆದೇಶ, ಸಹಿಯೊಂದು ಬಾಕಿ. ಇನ್ನೊಂದು ನಾನು ಆಗ ತಾನೇ ಇಟ್ಟ ತಪ್ಪೊಪ್ಪಿಗೆ. ಅದನ್ನೂ ದುಂಡಗೇ ಬರೆದಿದ್ದೆ, ಅಭ್ಯಾಸ. ನಿರ್ದೇಶಕರು ಅದನ್ನ ಓದಿ, ನೀರು ಕುಡಿದು, ಮತ್ತೆ ಓದಿ, ಮೂವರು ಪಂಡಿತರನ್ನೂ ಕರೆಸಿದರು.

ಆರು ವರ್ಷದ ಮೇಲೆ ಮೂವರೂ ಒಂದೇ ಕೋಣೆಗೆ ಬಂದರು. ಕೂತಿದ್ದು ಮೂರು ದಿಕ್ಕಿಗೆ ಮುಖ ಮಾಡಿ.

"ನಾನು ಇಂಗ್ಲಿಷಿನದು ಅಂತ ಎಲ್ಲೂ ಹೇಳಿಲ್ಲ" ಅಂದರು ಇಂಗ್ಲಿಷ್ ಮೇಷ್ಟ್ರು, ಕಿಟಕಿಗೆ. "ಫ್ರೆಂಚಿನಿಂದ ಬಂತು ಅಂದೆ. ಫ್ರೆಂಚಿನವರನ್ನ ಕೇಳಿ."

"ನಾನು ಫಾರ್ಸಿ ಮೂಲ ಅಂತ ಸ್ಪಷ್ಟವಾಗಿ ಬರೆದಿದ್ದೀನಿ" ಅಂದರು ಫ್ರೆಂಚ್ ಮೇಡಂ, ಬೀರುವಿಗೆ.

"ನಮ್ಮದಲ್ಲ ಅಂತ ನಾನೂ ಬರೆದಿದ್ದೀನಿ" ಅಂದರು ಫಾರ್ಸಿ ಯಜಮಾನರು, ಕ್ಯಾಲೆಂಡರಿಗೆ. "ಇಂಗ್ಲಿಷಿನಿಂದ ಬಂದದ್ದು."

ಇದು ಹೀಗೇ ಎರಡು ಸುತ್ತು ಹೋಯ್ತು. ಮೂರನೇ ಸುತ್ತಿಗೆ ನಾನು ಬಾಯಿ ಹಾಕಿದೆ. "ಯಾರ ತಪ್ಪೂ ಇಲ್ಲ ಸಾರ್. ಅದು ನಾನು ಪೆನ್ನು ನೋಡೋಕೆ ಗೀಚಿದ್ದು."

ಆಗ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅವರನ್ನ ಒಂದು ಮಾಡಿದ ಪುಣ್ಯ ನನಗೆ ಸಿಕ್ಕಿತು, ಆದರೆ ಬೈಗುಳದ ರೂಪದಲ್ಲಿ.

"ಮೂರು ಭಾಷೆಯಲ್ಲಿ ಬೇರಿರೋ ಪದವನ್ನ ಕಾರ್ಡು ಬರೆಯೋನು ಗೀಚಿಬಿಟ್ಟನಂತೆ" ಅಂದರು ಮೇಷ್ಟ್ರು.

"ಎಂಥ ಅಹಂಕಾರ" ಅಂದರು ಮೇಡಂ.

"ಅಕ್ಷರ ದುಂಡಗಿದ್ದ ಮಾತ್ರಕ್ಕೆ ವಿದ್ವಾಂಸರಾಗಲ್ಲಪ್ಪ" ಅಂದರು ಯಜಮಾನರು. "ಸಾಕ್ಷಿ ಇದೆಯೇನು ನಿನ್ನ ಹತ್ರ?"

ನಾನು ಏನೂ ಗೊತ್ತಿಲ್ಲದವನು ಅಂತ ನಂಬಿಸೋಕೆ ನನಗೆ ಜೀವನದಲ್ಲಿ ಯಾವತ್ತೂ ಕಷ್ಟ ಆಗಿರಲಿಲ್ಲ. ಆವತ್ತೊಂದು ದಿನ ಯಾರೂ ನಂಬಲಿಲ್ಲ. ಸಾಕ್ಷಿ ಅಂದಾಗ ಅಪ್ಪ ನೆನಪಾದರು. ಶುಕ್ರವಾರ ಬೆಳಿಗ್ಗೆ ಅವರನ್ನ ಆಟೋದಲ್ಲಿ ಕೂರಿಸಿಕೊಂಡು ಬಂದೆ. ಮಗಳೂ ಜೊತೆಗೆ ಬಂದಳು.

ಅಪ್ಪ ಒಳಗೆ ಬರಲಿಲ್ಲ. ಕಚೇರಿಯ ಬಾಗಿಲ ಮುಂದೆ ನಿಂತು, ತಲೆ ಎತ್ತಿ ಬೋರ್ಡು ನೋಡಿ, "ಹಳದಿ ಮಾಸಿದೆ" ಅಂದರು. ಆಮೇಲೆ ನಿರ್ದೇಶಕರಿಗೆ, "ಇದನ್ನ ಕೆಳಗಿಳಿಸಿ, ಸ್ವಾಮಿ" ಅಂದರು.

"ಬೋರ್ಡು ಯಾಕೆ ಇಳಿಸಬೇಕು?"

"ಇಳಿಸಿದ್ರೆ ಗೊತ್ತಾಗುತ್ತೆ. ನಾನೇ ಇಳಿಸ್ತಿದ್ದೆ, ಮಂಡಿ ಬಿಡಲ್ಲ."

ಜವಾನರು ಇದು ತಮ್ಮ ಕೆಲಸದಲ್ಲಿ ಬರಲ್ಲ ಅಂದರು. ಏಣಿ ಹತ್ತಿದ್ದು ನಾನು. ಎರಡು ತುಕ್ಕು ಹಿಡಿದ ಮೊಳೆ ಕಿತ್ತು, ಬೋರ್ಡಿನ ಒಂದು ಕೊನೆ ನನ್ನ ಹೆಗಲ ಮೇಲೆ, ಇನ್ನೊಂದು ಕೊನೆ ನಿರ್ದೇಶಕರ ಕೈಯಲ್ಲಿ, ಹಾಗೂ ಹೀಗೂ ಇಳಿಸಿ ಗೋಡೆಗೆ ತಿರುಗಿಸಿ ಇಟ್ಟೆವು. ಧೂಳು ಒರೆಸಿದಳು ಮಗಳು. ಹಿಂಭಾಗದಲ್ಲಿ ಐದು ಸಾಲು: ಫರ್ಝೋಲ್, ಫರ್ಝೋಲ್, ಫರ್ಝೋಲ್. ಕೆಳಗೆ ಮೂಲೆಯಲ್ಲಿ ಅಪ್ಪನ ಕೈಬರಹದಲ್ಲಿ ತಾರೀಕು. ಇಪ್ಪತ್ತಾರು ವರ್ಷದ ಹಿಂದಿನದು.

"ಊರಲ್ಲಿ ಯಾವ ಬೋರ್ಡು ಬೇಕಾದ್ರೂ ತಿರುಗಿಸಿ ನೋಡಿ" ಅಂದರು ಅಪ್ಪ. "ಎಲ್ಲದರ ಬೆನ್ನಲ್ಲೂ ಇದೇ ಇದೆ."

ಗೆದ್ದೆ ಅಂದುಕೊಂಡೆ. ಫಾರ್ಸಿ ಯಜಮಾನರು ಜೇಬಿನಿಂದ ಭೂತಗನ್ನಡಿ ತೆಗೆದು, ಮೊಣಕಾಲೂರಿ, ಮೊದಲ ಸಾಲಿನಿಂದ ಐದನೇ ಸಾಲಿನ ತನಕ ನೋಡಿ, ನಿಧಾನವಾಗಿ ಎದ್ದರು.

"ಇದು ಈ ಪದದ ಅತಿ ಹಳೆಯ ಲಿಖಿತ ಪ್ರಯೋಗ" ಅಂದರು.

"ತಾರೀಕು ಸಮೇತ ಇದೆ" ಅಂದರು ಮೇಡಂ, ಅವರ ಮುಖ ನೋಡಿಕೊಂಡೇ.

"ಬಳಕೆಯ ಸಂದರ್ಭವೂ ಸ್ಪಷ್ಟ" ಅಂದರು ಮೇಷ್ಟ್ರು, ಇಬ್ಬರ ಮುಖವನ್ನೂ ನೋಡಿ. "ಇದು ನಮ್ಮ ಮೂವರ ಭಾಷೆಯದೂ ಅಲ್ಲ ಅಂತ ನಾನು ಮೊದಲಿನಿಂದ ಹೇಳ್ತಾನೇ ಇದ್ದೆ."

"ನಾನೂ" ಅಂದರು ಮೇಡಂ.

"ನಾವೆಲ್ಲರೂ" ಅಂದರು ಯಜಮಾನರು.

ಪದ ಇಲ್ಲ ಅಂತ ತೋರಿಸೋಕೆ ನಾನು ಬೋರ್ಡು ಇಳಿಸಿದರೆ, ಪದ ಇದೆ ಅಂತ ಸಾಬೀತಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಅಪ್ಪನನ್ನ ಕೂರಿಸಿ ಮೂವರೂ ಸುತ್ತ ನಿಂತು ಹೇಳಿಕೆ ಬರೆದುಕೊಂಡರು. ಈ ಪದ ತಮಗೆ ಯಾರಿಂದ ಬಂತು ಅಂತ ಕೇಳಿದರು. "ಯಾರಿಂದಲೂ ಇಲ್ಲ" ಅಂದರು ಅಪ್ಪ. "ಹತ್ತೊಂಬತ್ತರ ವಯಸ್ಸು, ಊಟಕ್ಕೆ ಮುಂಚೆ, ಹಸಿವಾಗಿತ್ತು, ಕೈಗೆ ಬಂತು." ಮೂವರೂ ಅದನ್ನ ಹಾಗೆಯೇ ಬರೆದುಕೊಂಡರು.

ಮಧ್ಯಾಹ್ನ ಮೂರಕ್ಕೆ ನಿರ್ದೇಶಕರು ಹೊಸ ಕಾರ್ಡು ಬರೆಸಿದರು. "ಫರ್ಝೋಲ್: ಕುಂಚ ಅಥವಾ ಲೇಖನಿಯ ತುದಿಯನ್ನು ಪರೀಕ್ಷಿಸಲು ಬರೆಯುವ ಅಕ್ಷರಗಳು. ಮೂಲ: ಕನ್ನಡ." ಮೂರು ಅಂಕಣದಲ್ಲೂ "ಇಲ್ಲ" ಅಂತ ಬರೆದು ಮೂವರೂ ಸಹಿ ಹಾಕಿದರು. ಗೊತ್ತಿಲ್ಲ ಅಂತ ಬರೆಯೋದಕ್ಕಿಂತ ಇಲ್ಲ ಅಂತ ಬರೆಯೋದು ಅವರಿಗೆ ಸುಲಭ ಆಯ್ತು. ಅದರ ಪ್ರತಿಗೆ ಮೊಹರು ಒತ್ತಿಸಿಕೊಂಡು, ಮಗಳ ಕೈ ಹಿಡಿದು, ಐದಕ್ಕೆ ಹತ್ತು ನಿಮಿಷ ಇರುವಾಗ ಮರುಮೌಲ್ಯಮಾಪನದ ಅಧಿಕಾರಿಯ ಮುಂದೆ ಇಟ್ಟೆ.

ಅವರು ಉತ್ತರಪತ್ರಿಕೆಯನ್ನೂ ಕಾರ್ಡಿನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಓದಿದರು. ಸೊನ್ನೆ ಹೊಡೆದು ಹಾಕಿ ಒಂದೂವರೆ ಅಂತ ಬರೆದರು.

"ಅರ್ಧ ಅಂಕ ಯಾಕೆ ಹೋಯ್ತು ಸಾರ್?" ಕೇಳಿದಳು ಮಗಳು.

"ಮೊದಲನೇ ವಾಕ್ಯ ಸರಿ. ಎರಡನೇದರಲ್ಲಿ ಅರ್ಥವಿಲ್ಲ ಅಂತ ಬರೆದಿದ್ದೀಯಲ್ಲಮ್ಮ. ಇಲ್ಲಿ ನೋಡು, ಅರ್ಥ ಕೊಟ್ಟಿದ್ದಾರೆ."

ಅವಳು ವಾದಕ್ಕೆ ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ. ಎಪ್ಪತ್ತೂವರೆ ಆಗಿತ್ತು, ಸಾಕಾಗಿತ್ತು. ಮೆಟ್ಟಿಲಿಳಿಯುವಾಗ ಅವಳು ಮೊದಲ ಸಲ ಅತ್ತಳು, ನನ್ನ ತೋಳಿಗೆ ಮೂಗು ಒರೆಸಿಕೊಂಡು. ನನಗೂ ಕಣ್ಣು ತುಂಬಿತು. ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ.

ಸೋಮವಾರ ನಿರ್ದೇಶಕರು ಕರೆದರು. ಖಾಯಂ ಆದೇಶವನ್ನ ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕ್ತಾ ಇದ್ದರು. "ಒಂದು ವರ್ಷ ತಕರಾರು ಬರಬಾರದು ಅಂತ ಷರತ್ತಿತ್ತಲ್ಲಪ್ಪ" ಅಂದರು. "ವರ್ಷದಲ್ಲಿ ಬಂದಿರೋದು ಒಂದೇ ತಕರಾರು. ಅದು ನಿನ್ನದು. ಲಿಖಿತದಲ್ಲಿದೆ, ದುಂಡಗಿದೆ." ಆಮೇಲೆ ಸ್ವಲ್ಪ ಕರುಣೆಯಿಂದ, ಎರಡು ಸಾವಿರ ಪ್ರತಿಗೆ ತಿದ್ದುಪಡಿಯ ಚೀಟಿ ಅಂಟಿಸಬೇಕು, ಕೈಯಲ್ಲೇ ಬರೆದರೆ ಚೆನ್ನ, ಅಲ್ಲಿಯ ತನಕ ನನ್ನ ಹಂಗಾಮಿ ಕೆಲಸಕ್ಕೆ ಯಾವ ಧಕ್ಕೆಯೂ ಇಲ್ಲ ಅಂದರು.

ಮನೆಯಲ್ಲಿ ಹೇಳಿದಾಗ ಹೆಂಡತಿ, "ಹನ್ನೆರಡು ವರ್ಷ ಹಂಗಾಮಿಯಾಗಿ ಇದ್ದೋರಿಗೆ ಅದೇ ಖಾಯಂ ಬಿಡಿ" ಅಂದಳು. ಆಮೇಲೆ ಯಾವತ್ತೂ ಹಾಕದಷ್ಟು ಸಕ್ಕರೆ ಹಾಕಿ ಚಹಾ ಕೊಟ್ಟಳು.

ಮೊದಲ ಚೀಟಿ ಬರೆಯೋಕೆ ಕೂತೆ. ಪೆನ್ನಿಗೆ ಮಸಿ ತುಂಬಿ, ತುದಿ ನೋಡೋಣ ಅಂತ ರದ್ದಿ ಕಾಗದ ಎಳೆದುಕೊಂಡು ಫರ್ಝೋಲ್ ಅಂತ ಬರೆದೆ. ಫ ಸೀಳು ಸೊಟ್ಟ ಬಂತು, ಝ ಹೊಟ್ಟೆ ಅಲುಗಿತು. ಇನ್ನೊಂದು ಸಲ ಬರೆದೆ, ಇನ್ನೂ ಕೆಟ್ಟದಾಯ್ತು. ಅದಕ್ಕೆ ಈಗ ಅರ್ಥ ಇತ್ತಲ್ಲ, ಕೈ ನಡುಗ್ತಾ ಇತ್ತು.

ಅಪ್ಪನಿಗೂ ಅದೇ ಕತೆ. ಬೇಕರಿಯವರು ತಂದ ಹೊಸ ಹಲಗೆಯ ಬೆನ್ನ ಮೇಲೆ ಕುಂಚ ಇಟ್ಟವರು ತೆಗೆದುಬಿಟ್ಟರು. ಎರಡು ದಿನ ಸುಮ್ಮನೆ ಕೂತಿದ್ದರು. ಮೂರನೇ ದಿನ ಮಗಳು ಕಾಲೇಜಿನ ಅರ್ಜಿ ತುಂಬೋದು ಬಿಟ್ಟು ಕಟ್ಟೆಗೆ ಹೋಗಿ, ತಾತನ ಪಕ್ಕ ಕೂತು, ಅಂಗೈ ಮೇಲೆ ಬೆರಳಲ್ಲಿ ಬರೆದು ಬರೆದು ಒಂದು ಹೊಸ ಪದ ಮಾಡಿಕೊಟ್ಟಳು. ಸೀಳು, ಹೊಟ್ಟೆ, ಬಾಲ, ಎಳೆತ, ತಿರುವು, ಎಲ್ಲ ಇರೋ ಪದ. ಅಪ್ಪ ಅದನ್ನ ಹಲಗೆಯ ಬೆನ್ನಿಗೆ ಬರೆದು, ತಲೆ ಓರೆ ಮಾಡಿ ನೋಡಿ, ತುಂಬಾ ದಿನದ ಮೇಲೆ ನಕ್ಕರು. ನಾನು ಹತ್ತಿರ ಹೋಗಿ ಓದಿದೆ. ನನಗೂ ಬಹಳ ಹಿಡಿಸಿತು.

"ಇದನ್ನ ಮನೆಯಲ್ಲೇ ಬಿಟ್ಟು ಹೋಗು" ಅಂದರು ಅಪ್ಪ.

ಆ ಪದ ಯಾವುದು ಅಂತ ನಾನು ಇಲ್ಲಿ ಬರೆಯಲ್ಲ. ಮಗಳಿಗೆ ಇನ್ನೂ ಎರಡು ವರ್ಷ ರಸಾಯನಶಾಸ್ತ್ರದ ಪರೀಕ್ಷೆ ಇದೆ.